ದಿನಾ ನುಂಗುವ ನೋವಿನ ಮಾತ್ರೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ತಾವು ನಮ್ಮನ್ನು ಕರೆದಿದ್ದೀರಿ. ಸರ್ಕಾರಿ ಆರೋಗ್ಯ ಕೇಂದ್ರಗಳ ಔಷಧಿ ಕಿಟಕಿಯ ಒಳಗಡೆ ಕೂತು ವರ್ಷಗಟ್ಟಲೆ ಮಾತ್ರೆ ಎಣಿಸಿ ಕೊಟ್ಟವರು ನಾವು. ದೊಡ್ಡ ರೋಗಗಳ ವಿಚಾರವನ್ನು ಡಾಕ್ಟರುಗಳಿಗೆ ಬಿಟ್ಟು, ಆ ಕಿಟಕಿಯಲ್ಲಿ ಜನ ಅತಿ ಹೆಚ್ಚು ಕೇಳುತ್ತಿದ್ದ ವಸ್ತುವಿನ ಬಗ್ಗೆ ಮಾತ್ರ ಇವತ್ತು ಮಾತಾಡುತ್ತೇವೆ. ಅದೇ ನೋವಿನ ಮಾತ್ರೆ.

ಇದನ್ನೇ ಯಾಕೆ ಆರಿಸಿಕೊಂಡೆವು ಅಂದರೆ, ಹಾಲು ಕರೆಯುವ ಊರಿನಲ್ಲಿ ನೋವಿಲ್ಲದ ಮನೆ ಇಲ್ಲ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಕುಕ್ಕರಗಾಲಲ್ಲಿ ಕೂತು ಎರಡು ಹಸು ಕರೆದು, ಕ್ಯಾನು ಹಿಡಿದು ಡೈರಿಗೆ ಬಂದು, ಹಿಂದಿರುಗಿ ಹೋಗಿ ಹುಲ್ಲು ಕೊಯ್ದು ಹೊರೆ ಹೊತ್ತು ತರುವ ಹೆಣ್ಣುಮಗಳಿಗೆ ಮಂಡಿ, ಸೊಂಟ, ಕತ್ತು ನೋಯದೆ ಇನ್ನೇನಾದೀತು? ಅವಳು ಬೆಳಗಿನ ಟೀ ಜೊತೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಹಾಕಿಕೊಂಡೇ ಕೊಟ್ಟಿಗೆಗೆ ಹೋಗ್ತಾಳೆ. ಸಂಜೆ ಇನ್ನೊಂದು. ಇದು ವರ್ಷ, ಎರಡು ವರ್ಷ, ಐದು ವರ್ಷ ನಡೆಯುತ್ತದೆ. ಆಸ್ಪತ್ರೆಗೆ ಹೋಗಮ್ಮ ಅಂದರೆ, "ಒಂದು ದಿನ ಆಸ್ಪತ್ರೇಲಿ ಕೂತ್ರೆ ಹಸು ಯಾರು ಕರೀತಾರೆ ಸ್ವಾಮಿ?" ಅಂತ ಕೇಳ್ತಾಳೆ. ಆ ಪ್ರಶ್ನೆಗೆ ನಮ್ಮ ಹತ್ತಿರ ಸುಲಭದ ಉತ್ತರವಿಲ್ಲ. ಆದ್ದರಿಂದ ಬೈಯುವುದಕ್ಕೆ ನಾವು ಬಂದಿಲ್ಲ.

ಆದರೂ ಒಂದು ಮಾತು ಕೇಳಲೇಬೇಕು. ಹಸುವಿಗೆ ಕೆಚ್ಚಲು ಬಾವು ಬಂದರೆ ತಾವೆಲ್ಲ ಏನು ಮಾಡುತ್ತೀರಿ? ಒಂದು ಹೊತ್ತು ತಡ ಮಾಡದೆ ಪಶುವೈದ್ಯರಿಗೆ ಫೋನು. ಅದೇ ತಮ್ಮ ಮಂಡಿ ಬಾತುಕೊಂಡರೆ? ಹುಡುಗನ ಕೈಗೆ ಹತ್ತು ರೂಪಾಯಿ ಕೊಟ್ಟು, "ಅಂಗಡಿಗೆ ಹೋಗಿ ನೋವಿನ ಮಾತ್ರೆ ತಗೊಂಡ್ ಬಾ." ನಾವು ಉತ್ಪ್ರೇಕ್ಷೆ ಮಾಡ್ತಾ ಇದ್ದೇವೆಯೇ? ನಗುತ್ತಿರುವವರ ಮುಖ ನೋಡಿದರೆ ಹಾಗೇನೂ ಕಾಣುವುದಿಲ್ಲ.

ಹಸುವಿನ ಮಾತು ಬಂದದ್ದರಿಂದ ಒಂದು ಹಕ್ಕಿಯ ಕಥೆ ಹೇಳುತ್ತೇವೆ. ಇಲ್ಲಿರುವ ಹಿರಿಯರಿಗೆ ರಣಹದ್ದು ನೆನಪಿರಬೇಕು. ಊರಾಚೆ ದನ ಸತ್ತರೆ ಹತ್ತಾರು ಹದ್ದು ಇಳಿದು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಬಿಟ್ಟು ಹೋಗುತ್ತಿದ್ದವು. 1990ರ ದಶಕದಲ್ಲಿ ಅವು ಕಾಣದಾದವು. ನಮ್ಮ ದೇಶದಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99 ಭಾಗಕ್ಕಿಂತ ಹೆಚ್ಚು ನಾಶವಾಯಿತು. ರೋಗ ಅಂದರು, ವಿಷ ಅಂದರು. ಕೊನೆಗೆ 2004ರಲ್ಲಿ, ಪಾಕಿಸ್ತಾನದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ಪರೀಕ್ಷಿಸಿದ ವಿಜ್ಞಾನಿಗಳು ಕಾರಣ ಹಿಡಿದರು. ಆ ಕಾರಣದ ಹೆಸರು ಡೈಕ್ಲೋಫೆನಾಕ್. ದನಗಳಿಗೆ ಜ್ವರಕ್ಕೆ, ಬಾವಿಗೆ, ಕುಂಟಿಗೆ ಹಾಕುತ್ತಿದ್ದ ನೋವಿನ ಸೂಜಿಮದ್ದು. ಸೂಜಿ ಹಾಕಿಸಿಕೊಂಡ ಸ್ವಲ್ಪ ದಿನದಲ್ಲೇ ಆ ದನ ಸತ್ತರೆ ಮದ್ದು ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ಹದ್ದಿನ ಮೂತ್ರಪಿಂಡ, ಅಂದರೆ ಕಿಡ್ನಿ, ಕೆಟ್ಟು ಹೋಗಿ, ಹೊರಗೆ ಹೋಗಬೇಕಾದ ಕಲ್ಮಶ ಸುಣ್ಣ ಬಳಿದ ಹಾಗೆ ಹೊಟ್ಟೆಯೊಳಗಿನ ಅಂಗಗಳ ಮೇಲೆಲ್ಲ ಕೂರುತ್ತದೆ. ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ.

2006ರಲ್ಲಿ ಭಾರತ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳನ್ನು ತಂದು ದನಕ್ಕೆ ಚುಚ್ಚುವುದು ನಿಲ್ಲಲಿಲ್ಲ. ಅದಕ್ಕಾಗಿ 2015ರಲ್ಲಿ ಮನುಷ್ಯರ ಮದ್ದನ್ನು ಒಂದೇ ಸಲಕ್ಕಾಗುವ 3 ಮಿಲಿ ಬಾಟಲಿಯಲ್ಲಿ ಮಾತ್ರ ತುಂಬಬೇಕೆಂದು ಆಜ್ಞೆ ಆಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಎಂಬ ಅದರ ದಾಯಾದಿಗಳಿಗೂ ದನದ ಕೊಟ್ಟಿಗೆಯಲ್ಲಿ ನಿಷೇಧ ಬಂತು. ನಮ್ಮ ರಾಜ್ಯದಲ್ಲಿ ಅಳಿದುಳಿದ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮ ಎಂದು ಘೋಷಿಸಿದರು. ಶೋಲೆ ಸಿನಿಮಾ ತೆಗೆದ ಬಂಡೆಗಳೆಂದು ಎಲ್ಲರಿಗೂ ಗೊತ್ತು, ಹದ್ದಿನ ಕಥೆ ಗೊತ್ತಿರುವವರು ಕಡಿಮೆ. ಹಾಲು ಉತ್ಪಾದಕರು ತಿಳಿಯಲೇಬೇಕಾದ ವಿಷಯ ಇದು. ದನದ ನೋವಿಗೆ ಹದ್ದಿಗೆ ಕೆಡುಕಾಗದ ಮೆಲಾಕ್ಸಿಕಾಂ ಎಂಬ ಔಷಧ ಇದೆ, ಪಶುವೈದ್ಯರನ್ನು ಕೇಳಿ.

ಮನುಷ್ಯ ಹದ್ದಲ್ಲ, ನಿಜ. ಒಂದು ಮಾತ್ರೆ ನುಂಗಿದ ಮಾತ್ರಕ್ಕೆ ಯಾರೂ ಹಾಗೆ ಸಾಯುವುದಿಲ್ಲ. ನಮ್ಮ ದೇಹ ಆ ಔಷಧವನ್ನು ಕೆಲವು ಗಂಟೆಗಳಲ್ಲಿ ಕರಗಿಸಿ ಹೊರಗೆ ಹಾಕುತ್ತದೆ. ಹೆದರಿಸಲು ಈ ಕಥೆ ಹೇಳಲಿಲ್ಲ. ಆದರೆ ಹದ್ದಿನಲ್ಲಿ ಎರಡು ದಿನಕ್ಕೆ ಕೆಟ್ಟ ಅಂಗವೂ, ನಮ್ಮಲ್ಲಿ ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಸದ್ದಿಲ್ಲದೆ ಕೆಡುವ ಅಂಗವೂ ಒಂದೇ. ಅದಕ್ಕೆ ಹೇಳಿದೆವು.

ಇದು ಹೇಗೆ ಆಗುತ್ತದೆ? ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ನೋವನ್ನು ಹೇಗೆ ಕಳೆಯುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿಕೊಟ್ಟದ್ದು 1971ರಲ್ಲಿ. 1982ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ನಮ್ಮ ಮೈಯಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಸಗಳಿವೆ. ಪೆಟ್ಟಾದ ಜಾಗದಲ್ಲಿ ನೋವು, ಬಾವು ಎಬ್ಬಿಸುವುದು ಅವೇ. ಮಾತ್ರೆ ಅವು ಹುಟ್ಟದಂತೆ ತಡೆಯುತ್ತದೆ, ನೋವು ಇಳಿಯುತ್ತದೆ. ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದೇ ರಸಗಳಿಗೆ ಬೇರೆ ಕೆಲಸಗಳೂ ಇವೆ. ಹೊಟ್ಟೆಯೊಳಗೆ ಜೀರ್ಣರಸದ ಹುಳಿ ಗೋಡೆಯನ್ನು ಸುಡದಂತೆ ಲೋಳೆಯ ಪದರ ಕಟ್ಟುವುದೂ ಅವೇ. ಕಿಡ್ನಿಗೆ ರಕ್ತ ಹರಿಯುವ ದಾರಿ ತೆರೆದಿಡುವುದೂ ಅವೇ.

ನಮ್ಮ ಕೆರೆಯ ನೀರಗಂಟಿಯನ್ನು ನೆನಪು ಮಾಡಿಕೊಳ್ಳಿ. ಕೆರೆ ತುಂಬಿದಾಗ ಅವನಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ನೀರು ತಾನಾಗಿ ಹರಿಯುತ್ತದೆ. ಕೆರೆ ಬತ್ತುತ್ತಾ ಬಂದಾಗ ತೂಬಿನ ಹತ್ತಿರ ಅವನೇ ನಿಂತು, ಕಡೇ ಗದ್ದೆಗೂ ಇಷ್ಟಿಷ್ಟು ಎಂದು ಬಿಡಬೇಕು. ಈ ರಸಗಳು ಕಿಡ್ನಿಯ ನೀರಗಂಟಿ. ಮಾತ್ರೆ ನುಂಗಿದಾಗ ನೀರಗಂಟಿಯನ್ನು ಮನೆಗೆ ಕಳಿಸಿದ ಹಾಗೆ. ಮೈಯಲ್ಲಿ ನೀರು ಧಾರಾಳವಾಗಿದ್ದಾಗ ಅದು ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಕಬ್ಬು ಕಡಿದು ಬೆವರು ಬಸಿದವನು, ವಾಂತಿ ಭೇದಿಯಾಗಿ ಒಣಗಿದವನು, ಉಪವಾಸ ಇದ್ದವನು ಮಾತ್ರೆ ನುಂಗಿದರೆ ಕಿಡ್ನಿಗೆ ರಕ್ತ ಸಾಲದೆ ಆಗಲೇ ಏಟು ಬೀಳುತ್ತದೆ. ಮೈಕೈ ನೋವು ಹೆಚ್ಚಾಗುವುದೂ, ಮಾತ್ರೆ ಹೆಚ್ಚು ನುಂಗುವುದೂ ಇಂಥ ದಿನಗಳಲ್ಲೇ ಅಲ್ಲವೇ?

ಇದಕ್ಕಿಂತ ಅಪಾಯ ಬಿ.ಪಿ. ಇರುವವರಿಗೆ. ಕೆಲವು ಬಿ.ಪಿ. ಮಾತ್ರೆಗಳ ಜೊತೆಗೆ ಮೂತ್ರ ಹೆಚ್ಚು ಹೋಗಿಸುವ ಮಾತ್ರೆಯೂ ಸೇರಿದ್ದು, ಅದರ ಮೇಲೆ ದಿನಾ ನೋವಿನ ಮಾತ್ರೆಯೂ ಬಿದ್ದರೆ ಮೂರೂ ಕೂಡಿ ಕಿಡ್ನಿಯನ್ನು ಹಿಂಡುತ್ತವೆ. ಅಲ್ಲದೆ ನೋವಿನ ಮಾತ್ರೆ ತಾನೇ ಬಿ.ಪಿ. ಏರಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ, ಹೃದಯಾಘಾತದ ಸಂಭವವನ್ನೂ ಹೆಚ್ಚಿಸುತ್ತದೆ. "ಬಿ.ಪಿ. ಮಾತ್ರೆ ತಗೊಂಡ್ರೂ ಬಿ.ಪಿ. ಇಳೀತಾ ಇಲ್ಲ" ಅನ್ನುವವರು ಮಂಡಿಗೆ ಏನು ನುಂಗುತ್ತಿದ್ದೀರಿ ಎಂದು ಡಾಕ್ಟರಿಗೆ ತಪ್ಪದೆ ಹೇಳಬೇಕು. ಅವರು ಕೇಳದಿದ್ದರೂ ಹೇಳಿ.

ಕಿಡ್ನಿಯ ಕೆಟ್ಟ ಗುಣವೊಂದಿದೆ. ಅದು ಬಹುಪಾಲು ಕೆಡುವವರೆಗೂ ಬಾಯಿ ಬಿಡುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಕಾಲು ಊದಿ, ಊಟ ಸೇರದೆ, ಏದುಸಿರು ಬಂದು ಆಸ್ಪತ್ರೆಗೆ ಹೋಗುವ ವೇಳೆಗೆ ತಡವಾಗಿರುತ್ತದೆ. ಆಮೇಲೆ ಡಯಾಲಿಸಿಸ್. 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ದುಡ್ಡು ಉಳಿದರೂ ದಿನ ಉಳಿಯುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು, ಬಸ್ಸಿನ ಓಡಾಟ ಬೇರೆ. ಒಂದು ದಿನ ಆಸ್ಪತ್ರೆಗೆ ಹೋದರೆ ಹಸು ಯಾರು ಕರೀತಾರೆ ಅಂತ ಕೇಳಿದ ಮನೆಯಲ್ಲಿ ಹಸುಗಳನ್ನೇ ಮಾರಬೇಕಾಗುತ್ತದೆ. ವರ್ಷಕ್ಕೊಂದು ಸಲ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಿದರೆ ಇದು ಮೊದಲೇ ಸಿಕ್ಕಿಬೀಳುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು, ಅರವತ್ತು ದಾಟಿದವರು ಬಿಡಲೇಬಾರದು.

ಇನ್ನು ಹೊಟ್ಟೆಯ ವಿಷಯ. ಉರಿ, ಹುಳಿತೇಗು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಉರಿಯೇ ಇಲ್ಲದೆ ಹುಣ್ಣಾಗಿ ರಕ್ತ ಒಸರಬಹುದು. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಅದು ರಕ್ತ. ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸ್ವಲ್ಪ ಸ್ವಲ್ಪವೇ ಒಸರಿದರೆ ಅದೂ ಕಾಣದೆ, ಬರೀ ಸುಸ್ತು, ಕಣ್ಣು ಬಿಳಿಚುವುದು. "ರಕ್ತ ಕಮ್ಮಿ" ಎಂದು ಟಾನಿಕ್ ಕುಡಿಯುತ್ತಾರೆ, ರಕ್ತ ಸೋರುವ ತೂತು ಹಾಗೇ ಇರುತ್ತದೆ. ಊರಲ್ಲಿ ಒಂದು ನಂಬಿಕೆ: "ಮಾತ್ರೆ ಹೊಟ್ಟೆ ಸುಡುತ್ತೆ, ಸೂಜಿ ಹಾಕಿಸಿದ್ರೆ ಏನೂ ಆಗಲ್ಲ." ಇದು ಸುಳ್ಳು. ಸೂಜಿಮದ್ದೂ ರಕ್ತದ ಮೂಲಕವೇ ಹೊಟ್ಟೆಯ ಆ ರಸವನ್ನು ನಿಲ್ಲಿಸುತ್ತದೆ. ಇನ್ನೊಂದು: "ಜೊತೆಗೆ ಗ್ಯಾಸ್ ಮಾತ್ರೆ ತಗೋತೀನಿ." ಅದು ಹೊಟ್ಟೆಯನ್ನು ಸ್ವಲ್ಪ ಕಾಯುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ನಿಮೆಸುಲೈಡ್, ಆಸ್ಪಿರಿನ್ ಜಾತಿಯ ಮಾತ್ರೆಗಳ ವಿಷಯ. ವೋವೆರಾನ್, ಬ್ರೂಫೆನ್, ಝೀರೋಡಾಲ್, ನೈಸ್, ಡಿಸ್ಪ್ರಿನ್ ಅಂತ ಹೆಸರು ಬೇರೆ ಬೇರೆ, ಕುಲ ಒಂದೇ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲೇ ನಿಷೇಧವಾಗಿದೆ. ಡೈಕ್ಲೋಫೆನಾಕ್, ನಿಮೆಸುಲೈಡ್ ಎರಡನ್ನೂ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಕಾನೂನಿದೆ, ಪಟ್ಟಿಯ ಮೇಲೆ ಅಚ್ಚೂ ಇರುತ್ತದೆ. ಕೇಳಿದ ತಕ್ಷಣ ಎಷ್ಟು ಬೇಕಾದರೂ ಸಿಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಸಾವಿರ ಜನಸಂಖ್ಯೆ ಮೀರದ ಹಳ್ಳಿಗಳಲ್ಲಿ ಪರವಾನಗಿ ಇಲ್ಲದ ಕಿರಾಣಿ ಅಂಗಡಿಯವರೂ ಮನೆಮದ್ದೆಂದು ಮಾರಲು ಕಾನೂನು ಒಪ್ಪಿದ ನೋವಿನ ಮಾತ್ರೆಗಳು ಆಸ್ಪಿರಿನ್ ಮತ್ತು ಪ್ಯಾರಸಿಟಮಾಲ್. ಮಿಕ್ಕದ್ದನ್ನು ಬೀಡಿ ಬೆಂಕಿಪೊಟ್ಟಣದ ಜೊತೆ ತೂಗುಹಾಕುವ ಹಾಗಿಲ್ಲ.

ಪ್ಯಾರಸಿಟಮಾಲ್, ಅಂದರೆ ಕ್ರೋಸಿನ್, ಕಾಲ್ಪಾಲ್, ಡೋಲೋ, ಬೇರೆ ಜಾತಿ. ಹೊಟ್ಟೆಗೆ, ಕಿಡ್ನಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಅತಿಯಾದರೆ ಪಿತ್ತಜನಕಾಂಗವನ್ನು, ನಾವು ಲಿವರ್ ಅನ್ನುವುದನ್ನು, ಹಾಳು ಮಾಡುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇರೆ, ಅಂದರೆ 500ರದ್ದು 8, 650ರದ್ದು 6. ಇದು ಮೀರಬಾರದ ಗಡಿ, ನುಂಗಬೇಕಾದ ಲೆಕ್ಕವಲ್ಲ. ಬಡಕಲು ಮೈಯವರಿಗೆ, ದಿನಾ ಕುಡಿಯುವವರಿಗೆ ಗಡಿ ಇನ್ನೂ ಕೆಳಗೆ. ತೊಂದರೆ ಆಗುವುದು ಹೇಗೆಂದರೆ, ಜ್ವರಕ್ಕೆ ಡೋಲೋ, ನೆಗಡಿಗೆ ಇನ್ನೊಂದು, ಸೊಂಟಕ್ಕೆ "ಪಿ" ಅಕ್ಷರ ಇರುವ ಮತ್ತೊಂದು. ಮೂರರೊಳಗೂ ಪ್ಯಾರಸಿಟಮಾಲ್ ಇರುತ್ತದೆ, ಲೆಕ್ಕ ಇಟ್ಟವರಿಲ್ಲ. ಹೆಚ್ಚು ನುಂಗಿದವರು ಮೊದಲ ದಿನ ಚೆನ್ನಾಗೇ ಇರುತ್ತಾರೆ, ಲಿವರ್ ಕೆಟ್ಟದ್ದು ಎರಡು ಮೂರು ದಿನಕ್ಕೆ ಕಾಣುತ್ತದೆ. ಇದಕ್ಕೆ ಮರುಮದ್ದು ಇದೆ, ಎಂಟು ಗಂಟೆಯೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮಗು ಪಟ್ಟಿ ಬಿಚ್ಚಿ ತಿಂದಿತೋ, ಮನೆಯಲ್ಲಿ ಯಾರಾದರೂ ಬೇಸರದಲ್ಲಿ ನುಂಗಿದರೋ, ಮರೆಮಾಚದೆ ಆಗಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ದಿನಾ ಮಾತ್ರೆ ನುಂಗುವ ಅಭ್ಯಾಸ ಒಂದು ದೇಶವನ್ನೇ ಹಿಡಿದದ್ದೂ ಉಂಟು. ಆಸ್ಟ್ರೇಲಿಯಾದಲ್ಲಿ ಬೆಕ್ಸ್, ವಿನ್ಸೆಂಟ್ಸ್ ಎಂಬ ನೋವಿನ ಪುಡಿಗಳಿದ್ದವು. ಆಸ್ಪಿರಿನ್, ಫೆನಾಸಿಟಿನ್, ಜೊತೆಗೆ ಕಾಫಿಯ ಸತ್ವ ಕೆಫೀನ್ ಸೇರಿಸಿದ ಪುಡಿ. ಮನೆಗೆಲಸದಿಂದ ಬೇಸತ್ತ ಗೃಹಿಣಿಯರು ಒಂದು ಕಪ್ ಟೀ, ಒಂದು ಪೊಟ್ಟಣ ಪುಡಿ ಎಂದು ದಿನಾ ಹಾಕಿಕೊಳ್ಳುತ್ತಿದ್ದರು. ಕಿಡ್ನಿ ಕಾಯಿಲೆ ಮಿತಿಮೀರಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚಾಗಿ, ಕೊನೆಗೆ 1979ರಲ್ಲಿ ಅಂಗಡಿಗಳಲ್ಲಿ ಇಂಥ ಪುಡಿಗಳ ಮುಕ್ತ ಮಾರಾಟ ನಿಂತಿತು. ಆಮೇಲೆ ಆ ಕಾಯಿಲೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಫೆನಾಸಿಟಿನ್ನನ್ನು ನಮ್ಮ ದೇಶವೂ 1983ರಲ್ಲಿ ನಿಷೇಧಿಸಿತು. ಬೆಳಗಿನ ಟೀ ಜೊತೆಗಿನ ಮಾತ್ರೆ ಅಂದಾಗ ನಮಗೆ ಆ ಗೃಹಿಣಿಯರೇ ಕಣ್ಣ ಮುಂದೆ ಬರುತ್ತಾರೆ.

ತಲೆನೋವಿನ ಒಂದು ವಿಚಿತ್ರ ಹೇಳಿಬಿಡುತ್ತೇವೆ. ತಿಂಗಳಲ್ಲಿ ಹದಿನೈದು ದಿನಕ್ಕೂ ಹೆಚ್ಚು ತಲೆನೋವಿನ ಮಾತ್ರೆ ನುಂಗಿ ಮೂರು ತಿಂಗಳಾದರೆ, ಆ ಮಾತ್ರೆಯೇ ತಲೆನೋವು ತರಲು ಶುರುಮಾಡುತ್ತದೆ. ಎರಡು ಮೂರು ಔಷಧ ಬೆರೆಸಿದ ಮಾತ್ರೆಗೆ ಹತ್ತು ದಿನವೇ ಸಾಕು. ನೋವಿಗೆ ಮಾತ್ರೆ, ಮಾತ್ರೆಗೆ ನೋವು, ಗಾಣದೆತ್ತಿನ ಹಾಗೆ. ಬಿಟ್ಟರೆ ಮೊದಲು ಕೆಲವು ದಿನ ನೋವು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ. ಡಾಕ್ಟರ ಸಲಹೆಯಲ್ಲಿ ಬಿಡುವುದು ಒಳ್ಳೆಯದು.

2006ರಲ್ಲಿ ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ಚಿಕೂನ್‌ಗುನ್ಯಾ ಬಂದದ್ದು ತಮಗೆ ನೆನಪಿರಬಹುದು. ಜ್ವರ ವಾರಕ್ಕೆ ಹೋದರೂ ಕೀಲುನೋವು ತಿಂಗಳುಗಟ್ಟಲೆ ಉಳಿಯುವ ಕಾಯಿಲೆ ಅದು. ದಿನಾ ಮಾತ್ರೆಯ ರೂಢಿ ಬೇರೂರಲು ಇಂಥ ನೋವೇ ಸಾಕು. ಈಗ ಡೆಂಗೆಯೂ ಜೊತೆಗಿದೆ. ಡೆಂಗೆಯಲ್ಲಿ ರಕ್ತಸ್ರಾವದ ಭಯ ಇರುವುದರಿಂದ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಯಾವುದೂ ಕೂಡದು. ಮಳೆಗಾಲದ ಜ್ವರ ಯಾವುದೆಂದು ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಒಂದೇ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಎಂದೂ ಬೇಡ. ಐದು ತಿಂಗಳು ದಾಟಿದ ಗರ್ಭಿಣಿಯರು ತಾವಾಗಿ ಈ ಮಾತ್ರೆಗಳನ್ನು ಮುಟ್ಟಬಾರದು, ಹೊಟ್ಟೆಯೊಳಗಿನ ಮಗುವಿನ ಕಿಡ್ನಿಗೂ ಹೃದಯಕ್ಕೂ ಕೆಡುಕು.

ಹೆಸರಿಲ್ಲದ ಪೊಟ್ಟಣಗಳ ಬಗ್ಗೆ ನಮಗೆ ಕೋಪವೇ ಇದೆ. ಕೆಲವರು ಬಣ್ಣ ಬಣ್ಣದ ಬಿಡಿ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಒಂದೇ ದಿನಕ್ಕೆ ಮಂಡಿನೋವು ಮಾಯ, ಊಟವೂ ಚೆನ್ನಾಗಿ ಸೇರುತ್ತದೆ, ಕೊಟ್ಟವರು ಧನ್ವಂತರಿ. ಅದರಲ್ಲಿ ಸ್ಟೆರಾಯ್ಡ್ ಇರುವುದುಂಟು. ತಿಂಗಳುಗಳಲ್ಲಿ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಥಟ್ಟನೆ ನಿಲ್ಲಿಸಿದರೂ ಅಪಾಯ. ಯಾರಾದರೂ ನುಂಗುತ್ತಿದ್ದರೆ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಹೋಗಿ.

ಹಾಗಾದರೆ ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳಬೇಕೇ? ಬೇಡ. ಬಿದ್ದು ಪೆಟ್ಟಾದಾಗ, ಹಲ್ಲು ಕೀಳಿಸಿದಾಗ, ಮುಟ್ಟಿನ ನೋವಿಗೆ ಎರಡು ಮೂರು ದಿನ, ಊಟ ಮಾಡಿ, ಬೇಕಾದಷ್ಟು ನೀರು ಕುಡಿದು, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ವಾರ ದಾಟಿದರೆ ಅದು ಮಾತ್ರೆಯ ವಿಷಯವಲ್ಲ, ನೋವು ಯಾಕೆ ಬಂತು ಎಂಬ ವಿಷಯ. ಹೃದಯದ ಕಾಯಿಲೆಗೆಂದು ಡಾಕ್ಟರು ಸಣ್ಣ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ, ದಯವಿಟ್ಟು ನಮ್ಮ ಮಾತು ಕೇಳಿ ಅದನ್ನು ನಿಲ್ಲಿಸಬೇಡಿ. ಅದರ ಲೆಕ್ಕವೇ ಬೇರೆ.

ಮಂಡಿ ಸವೆದವರಿಗೆ ಮಾತ್ರೆಗಿಂತ ತೊಡೆಯ ಬಲ ಮುಖ್ಯ. ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಚಾಚಿ, ಐದು ಎಣಿಸಿ ಇಳಿಸಿ. ಹೊತ್ತಿಗೆ ಹತ್ತು ಸಲ. ವಾರಕ್ಕೆ ಗೊತ್ತಾಗುವುದಿಲ್ಲ, ಎರಡು ತಿಂಗಳಿಗೆ ಗೊತ್ತಾಗುತ್ತದೆ. ಬಿಸಿನೀರಿನ ಶಾಖ ಕೊಡಿ. ಹಚ್ಚುವ ನೋವಿನ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಮಂಡಿಗೆ ಅದು ವಾಸಿ. ಕುಕ್ಕರಗಾಲು ಬಿಟ್ಟು ಒಂದು ಗೇಣೆತ್ತರದ ಮಣೆಯ ಮೇಲೆ ಕೂತು ಹಾಲು ಕರೆಯಿರಿ. ಹುಲ್ಲಿನ ಹೊರೆ ಒಂದು ದೊಡ್ಡದರ ಬದಲು ಎರಡು ಚಿಕ್ಕದು ಮಾಡಿ. ಎರಡನೆಯದನ್ನು ಮನೆಯ ಗಂಡಸರು ಹೊರಲಿ, ಅವರಿಗೂ ತಲೆ ಇದೆಯಲ್ಲ.

ಸಂಘಕ್ಕೂ ಒಂದು ಕೋರಿಕೆ. ಡೈರಿಯ ಮೇಜಿನ ಡ್ರಾಯರಿನಲ್ಲಿ ಒಂದು ಪಟ್ಟಿ ನೋವಿನ ಮಾತ್ರೆ ಸದಾ ಇರುತ್ತದೆ, ಕೇಳಿದವರಿಗೆ ಬಿಚ್ಚಿ ಕೊಡುತ್ತಾರೆ ಎಂದು ಕೇಳಿದ್ದೇವೆ. ಕಾರ್ಯದರ್ಶಿಗಳ ಒಳ್ಳೆಯ ಮನಸ್ಸು ಅದು. ಆದರೆ ಹಾಲಿನ ಫ್ಯಾಟ್ ನೋಡದೆ ಒಂದು ಲೀಟರನ್ನೂ ಬರೆದುಕೊಳ್ಳದ ನಾವು, ಬಿ.ಪಿ. ನೋಡದೆ ಮಾತ್ರೆ ಕೊಡುವುದು ಸರಿಯೇ? ಅದರ ಬದಲು ಅಲ್ಲಿ ಒಂದು ಬಿ.ಪಿ. ಯಂತ್ರ ಇಡಿ. ಬಟವಾಡೆಯ ದಿನ ಹೇಗೂ ಎಲ್ಲರೂ ಬರುತ್ತಾರೆ. ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2023ರಲ್ಲಿ ಮತ್ತೆ ಚಾಲನೆಗೆ ಬಂದ ಯಶಸ್ವಿನಿ ಯೋಜನೆಗೆ ನೋಂದಾಯಿಸದವರು ಯಾರಿದ್ದಾರೆ ಎಂದೂ ಆ ದಿನವೇ ಪಟ್ಟಿ ಮಾಡಬಹುದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಹೊರಗಿನ ಚಪ್ಪರದಲ್ಲಿ ನರ್ಸಮ್ಮನವರು ಬಿ.ಪಿ. ನೋಡಲು, ರಕ್ತ ತೆಗೆಯಲು ಕಾಯುತ್ತಿದ್ದಾರೆ. ಮನೆ ಹತ್ತಿರ ಇರುವವರು ಹೋಗಿ, ಬೀರುವಿನಲ್ಲಿ, ದೇವರ ಗೂಡಿನಲ್ಲಿ, ತಲೆದಿಂಬಿನ ಕೆಳಗೆ ಇಟ್ಟಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಯಾವುದು ಏನು ಎಂದು ಕೂತು ನೋಡೋಣ. ಊಟದ ಹೊತ್ತಿನವರೆಗೂ ನಾವು ಇಲ್ಲೇ ಇರುತ್ತೇವೆ.